ಬಡಿಗೇರನ ಕೈಚಳಕ ಮೂಲೆ ಸೇರದಿರಲಿ

ಕೂರಿಗೆಯ ಬಟ್ಟಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ತೂತುಗಳು ಸಮನಾಗಿಲ್ಲದಿದ್ದರೆ ಒಂದು ಸಾಲು ದಟ್ಟ, ಇನ್ನೊಂದು ತೆಳು. ಇಂಥ ಅಳತೆಯನ್ನು ಕಣ್ಣಂದಾಜಿನಲ್ಲೇ ಸಾಧಿಸಿದ ಬಡಿಗೇರ ಕೆಲವೊಮ್ಮೆ ಅಂಚಿಗೆ ಹೂವಿನ ಎಸಳನ್ನೂ ಕೊರೆಯುತ್ತಿದ್ದ. ಉಪಯೋಗವೂ ಅಂದವೂ ಅವನಿಗೆ ಬೇರೆಬೇರೆಯಾಗಿರಲಿಲ್ಲ.

ನಮ್ಮ ಕೊಪ್ಪಳ ತಾಲೂಕಿನ ಕಿನ್ನಾಳದ ಚಿತ್ರಗಾರರನ್ನೇ ನೋಡಿ. ಹಗುರ ಕಟ್ಟಿಗೆಯ ಗೊಂಬೆಯ ಬಿಡಿಭಾಗಗಳನ್ನು ಅವರು ಜೋಡಿಸುವುದು ಹುಣಸೆ ಬೀಜದ ಅಂಟಿನಿಂದ. ನಾವು ತಿಪ್ಪೆಗೆ ಎಸೆಯುವ ಬೀಜ ಅಲ್ಲಿ ಕಲೆಯ ಕಚ್ಚಾ ಮಾಲು!

ಅದೇ ಹುಣಸೆಯ ಬೀಜ ಬಿಡಿಸಲು ಯಂತ್ರ ಮಾಡಿದವರು ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ. ಎಳೆಯ ವಯಸ್ಸಿನಲ್ಲಿ ಬೇಗ ಏಳಲೆಂದು ಅಲಾರಾಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಕೀಲಿ ತಿರುಗಿದಾಗ ನೀರಿನ ಬಾಟಲಿ ಮುಖದ ಮೇಲೆ ಸುರಿಯುವಂತೆ ಮಾಡಿದ್ದರಂತೆ. ಕಂಡವರಿಗೆ ಅದು ಹುಚ್ಚಾಟ. ಅದೇ ಬುದ್ಧಿ ಮುಂದೆ ಬೀಜ ಗೊಬ್ಬರ ಬಿತ್ತುವ ಕೂರಿಗೆಯನ್ನೂ ಕೊಟ್ಟಿತು; 2022ರಲ್ಲಿ ಪದ್ಮಶ್ರೀ ಅರಸಿ ಬಂತು.

ಹೇಮಗುಡ್ಡದ ಸುತ್ತಲಿನ ಹಳ್ಳಿಗಳಲ್ಲಿಯೂ ಇಂಥ ಕೈಗಳಿವೆ. ಆದರೆ ಆಯದ ಕಾಳು ನಿಂತುಹೋಗಿದೆ, ಕೂಲಿಯಾಗಿ ದುಡ್ಡೂ ಸಾಲದು. ಸರ್ಕಾರದ ಸಹಾಯಧನ ಪರೀಕ್ಷೆಯಾಗಿ ಪಟ್ಟಿಗೆ ಸೇರಿದ ಯಂತ್ರಗಳಿಗೆ ಸಿಗುತ್ತದೆಯೇ ಹೊರತು ಊರ ಕುಲುಮೆಯ ಸಲಕರಣೆಗೆ ಸಿಗುವುದು ಅಪರೂಪ. ಇಲಾಖೆಯವನಾಗಿಯೇ ಈ ಮಾತು ಹೇಳುತ್ತೇನೆ.

ಟ್ರ್ಯಾಕ್ಟರ್ ಬೇಡವೆಂಬ ವಾದ ನನ್ನದಲ್ಲ. ಅದು ಒಂದೇ ದಿನದಲ್ಲಿ ಹತ್ತಾರು ಎಕರೆ ಬಿತ್ತುತ್ತದೆ. ಆದರೆ ಎರಡು ಎಕರೆಯವನು ಬಾಡಿಗೆ ಯಂತ್ರದ ಸರದಿ ಕಾಯುವಷ್ಟರಲ್ಲಿ ಹದ ಆರಿಹೋಗುತ್ತದೆ. ಅವನ ಹೊಲಕ್ಕೆ, ಅವನ ಎತ್ತಿಗೆ, ಅವನ ಬೆಳೆಯ ಸಾಲಿಗೆ ಹೊಂದುವ ಎಡೆಕುಂಟೆಯನ್ನು ಮಾಡಿಕೊಡುವವನು ಊರ ಬಡಿಗೇರನೇ, ಕಮ್ಮಾರನೇ. ಹೊಲದಲ್ಲಿ ಅದು ಸರಿಬರದಿದ್ದರೆ ಸಂಜೆಯೇ ತಿದ್ದಿಕೊಡಬಲ್ಲವನೂ ಅವನೇ.

ಆದ್ದರಿಂದ ನನ್ನ ಸಲಹೆ ಇಷ್ಟು. ಹಳೆಯ ಕೂರಿಗೆಯನ್ನು ಒಲೆಗೆ ಹಾಕುವ ಮೊದಲು ಅದರ ಅಳತೆಗಳನ್ನು ಕಾಗದದ ಮೇಲೆ ಬರೆದಿಡಿ. ನಾಲ್ಕಾರು ರೈತರು ಸೇರಿ, ಹಂಗಾಮಿಗೆ ಮೊದಲೇ ಮುಂಗಡ ಕೊಟ್ಟು ಸಲಕರಣೆ ಮಾಡಿಸಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಊರ ಕುಶಲಿಗಳು ಮಾಡಿದ ಉಪಕರಣಗಳನ್ನು ಹೊಲದಲ್ಲಿ ಪರೀಕ್ಷಿಸಿ, ಯೋಗ್ಯವಾದವನ್ನು ಪಟ್ಟಿಗೆ ಶಿಫಾರಸು ಮಾಡಲಿ. ಕೃಷಿ ಮೇಳದಲ್ಲಿ ಕಂಪನಿಗಳ ಮಳಿಗೆಯ ಪಕ್ಕದಲ್ಲೇ ಅವರಿಗೂ ಒಂದು ಚಪ್ಪರ ಇರಲಿ.

ವಿಚಿತ್ರವಾದುದನ್ನು ಏನಾದರೂ ಮಾಡುತ್ತ ಕುಳಿತ ಹುಡುಗ ನಿಮ್ಮ ಮನೆಯಲ್ಲಿದ್ದರೆ ಗದರಿಸಬೇಡಿ. ಒಂದು ಉಳಿ, ಒಂದು ಸುತ್ತಿಗೆ ಕೊಡಿಸಿ.