ಪ್ರೀಸೆಟ್ ಪಕ್ಕಕ್ಕಿಡಿ, ಸೈನ್ ವೇವಿನಿಂದ ಶುರು ಮಾಡಿ

ಹಾಸ್ಟೆಲ್ಲಿನ ಯಾವ ಫ್ಲೋರಿಗೆ ಹೋದರೂ ಲ್ಯಾಪ್‌ಟಾಪಿನಲ್ಲಿ ಇಡಿಎಂ ಟ್ರ್ಯಾಕ್ ಮಾಡುವವರು ಒಬ್ಬರಾದರೂ ಸಿಗುತ್ತಾರೆ. ಖುಷಿಯ ವಿಷಯವೇ. ಆದರೆ ಆ ಟ್ರ್ಯಾಕ್‌ಗಳನ್ನ ಒಂದರ ಹಿಂದೆ ಒಂದು ಕೇಳಿ ನೋಡಿ. ಅದೇ ಕಿಕ್, ಅದೇ ಕ್ಲ್ಯಾಪ್, ಡ್ರಾಪ್‌ಗೆ ಮುಂಚೆ ಅದೇ ರೈಸರ್. ಯಾಕಂದ್ರೆ ಎಲ್ಲರ ಹತ್ತಿರ ಇರೋದು ಅದೇ ನಾಲ್ಕು ಸ್ಯಾಂಪಲ್ ಪ್ಯಾಕ್, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟಿಕೊಂಡು ಬಂದದ್ದು. ನಮ್ಮ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀವಿ: ರಾಗ, ತಾಳ ಜೋಡಿಸುವುದರ ಜೊತೆಗೆ ಸದ್ದನ್ನೂ ನಾವೇ ತಯಾರಿಸಬೇಕು. ಅದಕ್ಕೆ ಬೇಕಾದ ಥಿಯರಿಯನ್ನು ಬೇರೆಯವರು ದುಡ್ಡು ಕೊಟ್ಟು ಕೋರ್ಸ್ ಸೇರಿ ಕಲಿಯುತ್ತಾರೆ. ನಮಗದು ಸಿಲಬಸ್ಸಿನಲ್ಲೇ ಇದೆ.

ಕಿಕ್ ಡ್ರಮ್ಮನ್ನೇ ತಗೊಳ್ಳಿ. ಒಂದು ಸೈನ್ ವೇವ್ ಸಾಕು. ಅದರ ಆವರ್ತನ ಸುಮಾರು 250 ಹರ್ಟ್ಸ್‌ನಲ್ಲಿ ಶುರುವಾಗಿ 50 ಮಿಲಿಸೆಕೆಂಡಿನೊಳಗೆ 50 ಹರ್ಟ್ಸ್‌ಗೆ ಇಳಿಯಲಿ. ಒಟ್ಟು ಸದ್ದು 300 ಮಿಲಿಸೆಕೆಂಡಿನಲ್ಲಿ ಆರಿಹೋಗಲಿ. ಮೇಲೆ ಚೂರು ನಾಯ್ಸ್ ಸೇರಿಸಿದರೆ ಕೋಲು ಬಡಿದ ಹಾಗೆ 'ಟಕ್' ಅನ್ನೋದು ಬರುತ್ತದೆ. ಆಯ್ತು, ಕಿಕ್ ರೆಡಿ. ಪೈಥಾನ್‌ನಲ್ಲಿ ಹತ್ತು ಸಾಲೂ ಬೇಕಾಗಿಲ್ಲ. ಇಳಿಯುವ ಸಮಯವನ್ನು 200 ಮಿಲಿಸೆಕೆಂಡಿಗೆ ಎಳೆದರೆ ಅದೇ ಕಿಕ್ ವಿಡಿಯೋ ಗೇಮಿನ ಲೇಸರ್ ಗನ್ ಆಗಿಬಿಡುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ನಿಮ್ಮ ಕಿವಿಗೆ ಬಿಟ್ಟದ್ದು. ಪ್ಯಾಕಿನಿಂದ ಎತ್ತಿಕೊಂಡ ಕಿಕ್‌ನಲ್ಲಿ ಆ ತೀರ್ಮಾನವನ್ನು ಯಾರೋ ಆಗಲೇ ಮಾಡಿಬಿಟ್ಟಿರುತ್ತಾರೆ.

ಲೀಡ್, ಬೇಸ್ ಎಲ್ಲದರದ್ದೂ ಹೆಚ್ಚುಕಮ್ಮಿ ಇದೇ ಕಥೆ. 110 ಹರ್ಟ್ಸ್‌ನ ಸಾಟೂತ್ ವೇವ್‌ನಲ್ಲಿ 220, 330, 440 ಹೀಗೆ ಎಲ್ಲ ಹಾರ್ಮೋನಿಕ್‌ಗಳೂ ಇರುತ್ತವೆ, ಸ್ಕ್ವೇರ್ ವೇವ್‌ನಲ್ಲಿ ಬೆಸಸಂಖ್ಯೆಯವು ಮಾತ್ರ. ಫೋರಿಯರ್ ಸೀರೀಸ್ ಲೆಕ್ಕ ಬಿಡಿಸುವಾಗ ನಾವೇ ಬರೆದದ್ದು ಇದು. ಲೋ ಪಾಸ್ ಫಿಲ್ಟರ್ ಹಾಕಿ ಮೇಲಿನ ಹಾರ್ಮೋನಿಕ್‌ಗಳನ್ನು ಕತ್ತರಿಸಿ, ಕತ್ತರಿಸುವ ಜಾಗವನ್ನು ಎನ್ವೆಲಪ್‌ನಿಂದ ಮೇಲೆ ಕೆಳಗೆ ಸರಿಸಿದರೆ 'ವಾವ್ ವಾವ್' ಅನ್ನುವ ಬೇಸ್ ಬರುತ್ತದೆ. ಟ್ರಾನ್ಸ್ ಹಾಡುಗಳಲ್ಲಿ ಆಕಾಶ ತುಂಬಿದ ಹಾಗೆ ಕೇಳುವ ಸೂಪರ್‌ಸಾ ಇದೆಯಲ್ಲ, ಅದು ಏಳು ಸಾಟೂತ್‌ಗಳನ್ನು ಒಂದಕ್ಕೊಂದು ಸ್ವಲ್ಪ ಬೇಸೂರು ಮಾಡಿ ಪೇರಿಸಿದ್ದು. 1996ರಲ್ಲಿ ರೋಲ್ಯಾಂಡ್ ಕಂಪನಿಯ ಜೆಪಿ-8000 ಜೊತೆ ಬಂತು. 440 ಮತ್ತು 442 ಹರ್ಟ್ಸ್ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡು ಬೀಟ್ ಕೇಳುತ್ತದೆ ಅಂತ ಪಿಯುಸಿಯಲ್ಲೇ ಓದಿದ್ದೀವಿ. ಸೂಪರ್‌ಸಾದ ಮಿನುಗು ಅದರಿಂದಲೇ ಬರೋದು.

ಎಫ್‌ಎಂ ಸಿಂಥೆಸಿಸ್ ಅಂತೂ ಇಸಿ ಬ್ರಾಂಚಿನವರಿಗೆ ಹೇಳಿ ಮಾಡಿಸಿದ್ದು. ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ 1967ರಲ್ಲಿ ಕಂಡದ್ದು ಇಷ್ಟೇ: ಎಫ್‌ಎಂ ರೇಡಿಯೋದಲ್ಲಿ ನಡೆಯುವ ಕೆಲಸವನ್ನೇ ಕಿವಿಗೆ ಕೇಳುವ ಆವರ್ತನದಲ್ಲಿ ಮಾಡಿದರೆ ಸೈಡ್‌ಬ್ಯಾಂಡ್‌ಗಳೆಲ್ಲ ಸೇರಿ ಹೊಸ ಸದ್ದಾಗುತ್ತವೆ. ಕ್ಯಾರಿಯರ್, ಮಾಡ್ಯುಲೇಟರ್‌ಗಳ ಅನುಪಾತ 1:1 ಅಥವಾ 1:2 ಇದ್ದರೆ ಶ್ರುತಿ ಸ್ಪಷ್ಟವಾಗಿರುತ್ತದೆ. 1:1.4 ಮಾಡಿ ನೋಡಿ, ಗಂಟೆ ಹೊಡೆದ ಹಾಗೆ ಲೋಹದ ಸದ್ದು. ಯಮಾಹಾ ಅದರ ಲೈಸೆನ್ಸ್ ಪಡೆದು 1983ರಲ್ಲಿ ಡಿಎಕ್ಸ್7 ತಂದಿತು. ಆ ದಶಕದ ಪಾಪ್ ಹಾಡುಗಳ ತುಂಬ ಅದರದ್ದೇ ದನಿ. ಪರೀಕ್ಷೆಗೆ ಮಾತ್ರ ಉರು ಹೊಡೆಯುವ ಬೆಸೆಲ್ ಫಂಕ್ಷನ್ ಟೇಬಲ್ ಇದೆಯಲ್ಲ, ಆ ಸೈಡ್‌ಬ್ಯಾಂಡ್‌ಗಳ ಬಲ ಎಷ್ಟಿರುತ್ತೆ ಅಂತ ಹೇಳೋದು ಅದೇ ಟೇಬಲ್. ಅದನ್ನು ಕಿವಿಯಲ್ಲಿ ಕೇಳಿಸಿ ಪಾಠ ಮಾಡಿದರೆ ಯಾರು ತಾನೇ ಕ್ಲಾಸ್ ಬಂಕ್ ಹೊಡೀತಾರೆ?

"ಪ್ರೊಫೆಷನಲ್‌ಗಳೂ ಪ್ರೀಸೆಟ್ ಬಳಸ್ತಾರೆ ಗುರು" ಅಂತ ನೀವು ಹೇಳಬಹುದು. ನಿಜ, ಬಳಸ್ತಾರೆ. ಪ್ರೀಸೆಟ್ ಮುಟ್ಟಲೇಬಾರದು ಅಂತ ನಾವೂ ಹೇಳುತ್ತಿಲ್ಲ. ಇಷ್ಟವಾದ ಪ್ರೀಸೆಟ್ ಒಂದನ್ನು ಬಿಚ್ಚಿ ನೋಡಿ: ಮೊದಲು ರಿವರ್ಬ್, ಡಿಲೇ ಆಫ್ ಮಾಡಿ, ಆಮೇಲೆ ಒಂದೊಂದೇ ಆಸಿಲೇಟರ್ ಆಫ್ ಮಾಡಿ. ಕೊನೆಗೆ ಖಾಲಿ ಪ್ಯಾಚಿನಿಂದ ಅದನ್ನೇ ಮತ್ತೆ ಕಟ್ಟಲು ನೋಡಿ. ಹಳೇ ರೇಡಿಯೋ ಬಿಚ್ಚಿ ಜೋಡಿಸಿ ಕಲಿತ ಅಪ್ಪ, ಚಿಕ್ಕಪ್ಪಂದಿರು ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿದ್ದಾರೆ, ವಿಧಾನ ಅದೇ.

ಇನ್ನೊಂದು ನೆಪ ದುಡ್ಡಿನದು. ಅದಕ್ಕೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬೇಕಿಲ್ಲ. ಸರ್ಜ್ ಎಕ್ಸ್‌ಟಿ ಓಪನ್ ಸೋರ್ಸ್, ವೈಟಲ್‌ನ ಉಚಿತ ಆವೃತ್ತಿ ಇದೆ, ಎಲ್‌ಎಂಎಂಎಸ್ ಮತ್ತು ಅಡಾಸಿಟಿಗೂ ಒಂದು ಪೈಸೆ ಕೊಡಬೇಕಿಲ್ಲ. ದುಡ್ಡು ಇದ್ದರೆ ಒಂದು ಒಳ್ಳೆ ಹೆಡ್‌ಫೋನಿಗೆ ಹಾಕಿ. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ 50 ಹರ್ಟ್ಸ್‌ನ ಬೇಸ್ ಕೇಳಿಸುವುದೇ ಇಲ್ಲ ಅನ್ನಬಹುದು, ಕೇಳಿಸದ್ದನ್ನು ತಿದ್ದೋದು ಹೇಗೆ? ಅದಕ್ಕೂ ಒಂದು ಉಪಾಯ ಇದೆ. ಬೇಸಿಗೆ ಸ್ವಲ್ಪ ಡಿಸ್ಟಾರ್ಷನ್ ಕೊಟ್ಟರೆ 100, 150, 200 ಹರ್ಟ್ಸ್‌ನ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಅವಷ್ಟೇ ಕೇಳಿದರೂ ಮಿದುಳು ಕೆಳಗಿನ 50 ಹರ್ಟ್ಸನ್ನು ತಾನೇ ತುಂಬಿಕೊಳ್ಳುತ್ತದೆ. ಫೋನಿನಲ್ಲೂ ಬೇಸ್ 'ಇದೆ' ಅನ್ನಿಸುವುದು ಹೀಗೆ.

ಸಾಧನದಿಂದಲೇ ಸಂಗೀತ ಆಗುತ್ತದೆ ಅನ್ನುವವರಿಗೆ ಟಿಬಿ-303ರ ಕಥೆ ಹೇಳಬೇಕು. 1980ರ ದಶಕದ ಆರಂಭದಲ್ಲಿ ರೋಲ್ಯಾಂಡ್ ಅದನ್ನು ಮಾಡಿದ್ದು ಬೇಸ್ ಗಿಟಾರ್ ನುಡಿಸುವವರು ಇಲ್ಲದಾಗ ಬಳಸಲಿ ಅಂತ. ಗಿಟಾರಿನ ಹಾಗೆ ಕೇಳಿಸಲಿಲ್ಲ, ಮಾರುಕಟ್ಟೆಯಲ್ಲಿ ಬಿದ್ದುಹೋಯ್ತು. ಅಗ್ಗಕ್ಕೆ ಸಿಕ್ಕ ಅದೇ ಪೆಟ್ಟಿಗೆಯ ಗುಂಡಿಗಳನ್ನು ತಿರುಗಿಸುತ್ತ ಶಿಕಾಗೋದ ಫ್ಯೂಚರ್ ತಂಡ 1987ರಲ್ಲಿ 'ಆ್ಯಸಿಡ್ ಟ್ರ್ಯಾಕ್ಸ್' ತಂದಿತು, ಆ್ಯಸಿಡ್ ಹೌಸ್ ಅನ್ನುವ ಶೈಲಿಯೇ ಬೆಳೆಯಿತು. ಅದಕ್ಕೂ ಐದು ವರ್ಷ ಮುಂಚೆ, 1982ರಲ್ಲಿ, ಬಾಲಿವುಡ್ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಅದೇ 303 ಮತ್ತು ಟಿಆರ್-808 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಬೀಟ್‌ಗೆ ಕೂರಿಸಿದ್ದರು. ಆಗ ಹೆಚ್ಚು ಜನ ಕೇಳಲಿಲ್ಲ. 2010ರಲ್ಲಿ ಮರುಬಿಡುಗಡೆ ಆದಾಗ ಪ್ರಪಂಚ ಬೆರಗಾಯಿತು. ಇಬ್ಬರೂ ಯಂತ್ರವನ್ನು ಅದರ ಮ್ಯಾನ್ಯುಯಲ್ ಹೇಳಿದ ಹಾಗೆ ಬಳಸಲಿಲ್ಲ ಅನ್ನೋದನ್ನ ಗಮನಿಸಿ.

ಈಗ ನಮಗೆ ಹೆಚ್ಚು ಮುಖ್ಯ ಅನ್ನಿಸಿದ ಮಾತು. ಫೆಸ್ಟ್ ಟ್ರ್ಯಾಕ್‌ಗಳಿಗೆ 'ಲೋಕಲ್ ಟಚ್' ಬೇಕು ಅಂದಾಗ ನಮ್ಮವರು ಮಾಡೋದೇನು? 'ಇಂಡಿಯನ್ ಪರ್ಕಶನ್' ಅಂತ ಹೆಸರಿರುವ ಲೂಪ್ ಇಳಿಸಿಕೊಳ್ಳೋದು. ತಮಟೆ ನುಡಿಸುವವರು ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿರುತ್ತಾರೆ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿದ ತಕ್ಷಣ ತಮಟೆಯ ದನಿ ಏರಿರುತ್ತದೆ, ಆರುತ್ತ ಬಂದ ಹಾಗೆ ಇಳಿಯುತ್ತದೆ. ಆ ವ್ಯತ್ಯಾಸ ಲೂಪಿನಲ್ಲಿ ಸಿಗೋದಿಲ್ಲ. ಬರೀ ಚರ್ಮ ಬಿಗಿದ ವಾದ್ಯದ ಮೇಲ್‌ಸ್ವರಗಳು 1, 1.59, 2.14 ಹೀಗೆ ಹೊಂದಾಣಿಕೆ ಇಲ್ಲದೆ ಬರುತ್ತವೆ. ಮೃದಂಗ, ತಬಲಾಗಳಲ್ಲಿ ನಡುವಿನ ಕರಿ ಲೇಪ ಅವನ್ನು ಹಾರ್ಮೋನಿಕ್ ಸಾಲಿಗೆ ತರುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೇ ಬರೆದಿದ್ದರು. ಇಷ್ಟು ಗೊತ್ತಿದ್ದರೆ ತಮಟೆಯನ್ನು ಬೇಸ್‌ಲೈನಿನ ಶ್ರುತಿಗೆ ಬಲವಂತವಾಗಿ ಎಳೆಯುವ ಬದಲು ಅದನ್ನು ಸ್ನೇರ್‌ನ ಜಾಗದಲ್ಲಿ ಕೂರಿಸುವ ಬುದ್ಧಿ ಬರುತ್ತದೆ.

ಆದರೆ ರೆಕಾರ್ಡ್ ಮಾಡಲು ಹೋದರೆ ಕೇಳಿ ಮಾಡಿ. ಏನಕ್ಕೆ ಬಳಸ್ತೀವಿ ಅಂತ ಮೊದಲೇ ಹೇಳಿ, ಸಂಭಾವನೆ ಕೊಡಿ, ಟ್ರ್ಯಾಕಿನಲ್ಲಿ ಅವರ ಹೆಸರು ಹಾಕಿ. ಡಿಜೆಗೆ ಕೊಡಲು ಫೆಸ್ಟ್ ಬಜೆಟ್ಟಿನಲ್ಲಿ ದುಡ್ಡು ಇರುತ್ತದೆ ಅಂದಮೇಲೆ ತಮಟೆಯವರಿಗೂ ಇರಲೇಬೇಕು. ಮೆರವಣಿಗೆಯಲ್ಲಿ ಅವರನ್ನು ಕುಣಿಸಿ, ಸ್ಟೇಜಿನ ಮೇಲೆ ಅವರದೇ ಸದ್ದನ್ನು ಹೆಸರಿಲ್ಲದ ಫೈಲ್ ಮಾಡಿ ಬಳಸೋದು ಕಳ್ಳತನವೇ ಅಂತ ನಾವು ತಿಳೀತೀವಿ.

ಹಾಗಾಗಿ ನಮ್ಮ ಬೇಡಿಕೆ ಮೂರು. ಒಂದು, ಮುಂದಿನ ಫೆಸ್ಟ್‌ನಲ್ಲಿ ಇಪ್ಪತ್ತು ನಿಮಿಷ ನಮ್ಮ ಹುಡುಗ ಹುಡುಗಿಯರೇ ತಯಾರಿಸಿದ ಸದ್ದುಗಳ ಟ್ರ್ಯಾಕ್‌ಗಳಿಗೆ ಮೀಸಲಿಡಿ. ಎರಡು, ಕಾಲೇಜಿನದೇ ಒಂದು ಸದ್ದಿನ ಭಂಡಾರ ಕಟ್ಟೋಣ. ಆಡಿಟೋರಿಯಮ್ಮಿನಲ್ಲಿ ಒಂದು ಬಲೂನ್ ಒಡೆದು ರೆಕಾರ್ಡ್ ಮಾಡಿದರೆ ಅದೇ ಇಂಪಲ್ಸ್ ರೆಸ್ಪಾನ್ಸ್. ಕನ್ವಲ್ಯೂಷನ್ ಮಾಡಿದರೆ ನಿಮ್ಮ ಯಾವ ಸದ್ದು ಬೇಕಾದರೂ ಆ ಹಾಲಿನಲ್ಲಿ ಮೊಳಗಿದಂತೆ ಕೇಳುತ್ತದೆ. ಡಿಎಸ್‌ಪಿ ಮಿನಿ ಪ್ರಾಜೆಕ್ಟಿಗೂ ಆಯ್ತು. ಮೂರು, ಕಲಿತದ್ದನ್ನು ಕನ್ನಡದಲ್ಲಿ ಬರೆಯಿರಿ. ಊರಲ್ಲಿ ಆರ್ಕೆಸ್ಟ್ರಾಗೆ ಕೀಬೋರ್ಡ್ ನುಡಿಸುವ ನಿಮ್ಮ ತಮ್ಮನೋ ತಂಗಿಯೋ ಓದಿ ಮಾಡಿ ನೋಡುವ ಹಾಗಿರಲಿ. ಪುಟಗಳನ್ನು ಕೊಡಲು ನಾವು ರೆಡಿ. ಮೊದಲ ಬರಹ ಕಿಕ್ ಬಗ್ಗೆಯೇ ಇರಲಿ, ಈ ವಾರಾಂತ್ಯಕ್ಕೆ ಒಂದು ಮಾಡಿ ಕಳಿಸಿ.