ವೃದ್ಧಾಶ್ರಮದ ಬಚ್ಚಲು ನೋಡುವವರು ಯಾರು?

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಮುಖಂಡರ ಹುಟ್ಟುಹಬ್ಬ ಬಂತೆಂದರೆ ಎರಡು ಕಡೆಗೆ ಹಣ್ಣು, ಬ್ರೆಡ್ಡು ಹೋಗುವುದು ಗ್ಯಾರಂಟಿ: ಒಂದು ಸರ್ಕಾರಿ ಆಸ್ಪತ್ರೆ, ಇನ್ನೊಂದು ವೃದ್ಧಾಶ್ರಮ. ಅಜ್ಜಿಯ ಕೈಗೊಂದು ಸೇಬು ಕೊಟ್ಟು, ಹಿಂದೆ ಫ್ಲೆಕ್ಸ್ ಹಿಡಿದು ಫೋಟೊ ತೆಗೆಸಿಕೊಂಡರೆ ಸೇವೆ ಮುಗಿಯಿತು. (ಹಲ್ಲಿಲ್ಲದ ಬಾಯಿಗೆ ಸೇಬು ಯಾಕೆ ಎಂದು ಕೇಳಿದವರಿಲ್ಲ.) ಬಂದವರಲ್ಲಿ ಒಬ್ಬರಾದರೂ ಬಚ್ಚಲಿಗೆ ಇಣುಕುವುದಿಲ್ಲ. ಇಣುಕುವುದು ಅವರ ಕೆಲಸವಲ್ಲ, ನಿಜ. ಹಾಗಾದರೆ ಯಾರ ಕೆಲಸ?

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಮಕ್ಕಳನ್ನು ಗದರಿಸುವುದರಲ್ಲಿ ಜೋರು. ಸಾಕದ ಮಗನನ್ನು ಉಪವಿಭಾಗಾಧಿಕಾರಿಯ ಮುಂದೆ ನಿಲ್ಲಿಸಬಹುದು. ಹೆತ್ತವರನ್ನು ಬೀದಿಪಾಲು ಮಾಡಿದರೆ ಮೂರು ತಿಂಗಳವರೆಗೆ ಜೈಲು. ನೋಡಿಕೊಳ್ಳುತ್ತೇನೆಂದು ಬರೆಸಿಕೊಂಡ ದಾನಪತ್ರವನ್ನೂ ರದ್ದು ಮಾಡಿಸಬಹುದು. ಆದರೆ ಖಾಸಗಿ ವೃದ್ಧಾಶ್ರಮ ನೋಂದಣಿಯಾಗಬೇಕು, ಇಂತಿಷ್ಟು ತಿಂಗಳಿಗೊಮ್ಮೆ ಯಾರಾದರೂ ಹೋಗಿ ನೋಡಬೇಕು ಎಂಬ ಸಾಲು ಆ ಕಾಯ್ದೆಯಲ್ಲಿಲ್ಲ. ನಮ್ಮಲ್ಲಿ ಅಡಿಕೆ ತೂಗುವ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಬೇಕು. ಲಕ್ವ ಹೊಡೆದು ಮಲಗಿದ ಮುದುಕನ ಮಗ್ಗುಲು ಬದಲಿಸಲು ರಾತ್ರಿ ಆಳಿದ್ದಾರೆಯೇ ಎಂಬುದಕ್ಕೆ ಯಾರ ಮುದ್ರೆಯೂ ಬೇಡ.

ಮಕ್ಕಳ ವಿಷಯದಲ್ಲಿ ಇದೇ ದೇಶಕ್ಕೆ ಹೋಗಿ ನೋಡಬೇಕೆಂಬ ಬುದ್ಧಿ ಇದೆ. 2015ರ ಬಾಲನ್ಯಾಯ ಕಾಯ್ದೆಯ 54ನೇ ಕಲಮಿನಂತೆ ಮಕ್ಕಳಿರುವ ಪ್ರತಿ ಸಂಸ್ಥೆಗೂ ಮೂರು ತಿಂಗಳಿಗೊಮ್ಮೆಯಾದರೂ ತಂಡ ಹೋಗಲೇಬೇಕು. ಕನಿಷ್ಠ ಮೂವರು, ಅವರಲ್ಲಿ ಒಬ್ಬರು ಮಹಿಳೆ, ಒಬ್ಬರು ವೈದ್ಯಾಧಿಕಾರಿ, ವಾರದೊಳಗೆ ವರದಿ. ಎಂಟರ ಹುಡುಗನಿಗೆ ಸಿಕ್ಕ ಈ ಕಾವಲು ಎಂಬತ್ತರ ಅಜ್ಜನಿಗೆ ಯಾಕಿಲ್ಲ? ಏಟು ತಿಂದರೆ ಹೇಳಿಕೊಳ್ಳಲಾಗದ ಸ್ಥಿತಿ ಇಬ್ಬರದೂ ಒಂದೇ.

ದೆಹಲಿಗೆ ಇದು ಹೊಳೆದಿರಲಿಲ್ಲ ಎನ್ನುವಂತಿಲ್ಲ. 2019ರ ಡಿಸೆಂಬರಿನಲ್ಲಿ ಥಾವರ್‌ಚಂದ್ ಗೆಹಲೋತ್ ಸಾಮಾಜಿಕ ನ್ಯಾಯ ಸಚಿವರಾಗಿದ್ದಾಗ ಲೋಕಸಭೆಗೆ ಬಂದ, 2007ರ ಕಾಯ್ದೆಯ ತಿದ್ದುಪಡಿ ಮಸೂದೆಯಲ್ಲಿ ವೃದ್ಧಾಶ್ರಮಗಳ ನೋಂದಣಿಯೂ ಇತ್ತು, ಕನಿಷ್ಠ ಗುಣಮಟ್ಟವೂ ಇತ್ತು. ಸಚಿವರು 2021ರಲ್ಲಿ ನಮ್ಮ ರಾಜ್ಯಪಾಲರಾಗಿ ಬೆಂಗಳೂರಿಗೆ ಬಂದರು. ಮಸೂದೆ ಸ್ಥಾಯಿ ಸಮಿತಿಗೆ ಹೋಗಿ, 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ತಾನೂ ಬಿದ್ದುಹೋಯಿತು. ಯಾರೂ ಗಲಾಟೆ ಮಾಡಲಿಲ್ಲ.

ಗಲಾಟೆ ಯಾಕಿಲ್ಲವೆಂದರೆ ನಮಗೆ ಉಪದೇಶ ಇಷ್ಟ. ಮಗ ಸೊಸೆ ನೆಟ್ಟಗಿದ್ದರೆ ಆಶ್ರಮ ಯಾಕೆ ಬೇಕು ಎಂಬ ಭಾಷಣಕ್ಕೆ ಚಪ್ಪಾಳೆ ಖಚಿತ. ಹೊನ್ನಾಳಿಯ ಸಾಸ್ವೆಹಳ್ಳಿ ಹೋಬಳಿಯಲ್ಲಿ ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟ ಕಾಯ್ದುಕೊಂಡು ಗಂಡಹೆಂಡಿರಿಬ್ಬರೇ ಉಳಿದ ಮನೆಗಳಿವೆ. ಒಬ್ಬರು ತೀರಿಕೊಂಡು, ಇನ್ನೊಬ್ಬರು ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಆ ಭಾಷಣ ಗಂಜಿ ಕುಡಿಸುವುದಿಲ್ಲ. ಆಶ್ರಮಕ್ಕೆ ಸೇರಿಸುವುದೇ ಪಾಪ ಎಂದು ತೀರ್ಮಾನಿಸಿದ ಸಮಾಜಕ್ಕೆ, ಸೇರಿದ ಮೇಲೆ ಅಲ್ಲಿ ಏನಾಗುತ್ತದೆ ಎಂಬುದು ಬೇಡವಾಗುತ್ತದೆ.

ತಪಾಸಣೆ ಎಂದರೆ ಇನ್‌ಸ್ಪೆಕ್ಟರ್ ಕೈಬಿಸಿ, ಪುಣ್ಯಕ್ಕೆ ನಡೆಸುವ ಸಣ್ಣ ಆಶ್ರಮಗಳು ಬಾಗಿಲು ಹಾಕುತ್ತವೆ ಎನ್ನುವವರಿದ್ದಾರೆ. ಈ ಭಯ ಸುಳ್ಳಲ್ಲ. ಅದಕ್ಕೇ ನೋಂದಣಿಗೆ ಶುಲ್ಕ ಬೇಡ, ಕುಂದು ತಿದ್ದಿಕೊಳ್ಳಲು ಕಾಲಾವಕಾಶ ಇರಲಿ, ಒಬ್ಬನೇ ಅಧಿಕಾರಿ ಹೋಗುವುದು ಬೇಡ. ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಕೊಟ್ಟ ದರ್ಜೆಯನ್ನು ಆರೈಕೆ ಮನೆಗಳು ಎಲ್ಲರಿಗೂ ಕಾಣುವಂತೆ ಹಾಕಬೇಕು. ಆದರೂ 2024ರಲ್ಲಿ ಅಲ್ಲಿನ ಆರೋಗ್ಯ ಸಚಿವರೇ ಆ ಆಯೋಗ ಕೆಲಸಕ್ಕೆ ಬಾರದಾಗಿದೆ ಎಂದರು. ವರ್ಷಗಟ್ಟಲೆ ಮರುತಪಾಸಣೆ ಕಾಣದ ಸಂಸ್ಥೆಗಳಿದ್ದವು. ನಿಯಮ ಬರೆದು ಜನ ಕೊಡದಿದ್ದರೆ ಇಲ್ಲೂ ಅದೇ ಗತಿ.

ಜನ ನಮ್ಮಲ್ಲಿ ಇದ್ದಾರೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಡಿ ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಗೌರವಧನಕ್ಕೆ ದುಡಿಯುತ್ತಿದ್ದಾರೆ. ಅವರಿಗೆ ಸರಿಯಾದ ಸಂಬಳ, ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೊಟ್ಟು, ಮುನ್ಸೂಚನೆ ಇಲ್ಲದೆ ಕಳಿಸಲಿ. ಅವರು ನೋಡಬೇಕಾದ್ದು ಗೋಡೆಗೆ ಅಂಟಿಸಿದ ಊಟದ ಪಟ್ಟಿಯನ್ನಲ್ಲ. ಬೆನ್ನಿನ ಮೇಲೆ ಹಾಸಿಗೆ ಹುಣ್ಣು ಎದ್ದಿದೆಯೇ, ಬಚ್ಚಲಿನಲ್ಲಿ ಕೈಗೆ ಆಸರೆಯಾಗುವ ಹಿಡಿಕೆ ಇದೆಯೇ, ಶುಗರ್ ಮಾತ್ರೆ ಯಾರು ಕೊಡುತ್ತಾರೆ, ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಬೀಳುವ ಪಾಸ್‌ಬುಕ್ ಯಾರ ಬೀರುವಿನಲ್ಲಿದೆ? ವರದಿ ಕನ್ನಡದಲ್ಲಿ ಬಾಗಿಲಿಗೆ ಅಂಟಲಿ. ಇದಕ್ಕೆ ದೆಹಲಿಯ ಇನ್ನೊಂದು ಮಸೂದೆಗೆ ಕಾಯುವ ಕೆಲಸವಿಲ್ಲ. ನಮ್ಮ ವಿಧಾನಮಂಡಲ ತನ್ನದೇ ಕಾಯ್ದೆ ಮಾಡಬಹುದು. ಸೇಬು ಹಂಚುವ ಶಾಸಕರು ಮುಂದಿನ ಅಧಿವೇಶನದಲ್ಲಿ ಇದನ್ನು ಎತ್ತಲಿ.