ಒಬ್ಬನೇ ಹೋದರೆ ಊರು ಕಾಣುತ್ತದೆ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೋಶವನ್ನು ಒಬ್ಬೊಬ್ಬನೇ ಕುಳಿತು ಓದಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ; ದೇಶವನ್ನು ಮಾತ್ರ ಗುಂಪು ಕಟ್ಟಿಕೊಂಡೇ ಸುತ್ತಬೇಕೆಂಬುದು ನಮ್ಮವರ ನಂಬಿಕೆ. ಒಬ್ಬನೇ ಹೊರಟವನನ್ನು ಕಂಡರೆ, “ಏಕೆ, ಜೊತೆಗೆ ಯಾರೂ ಸಿಗಲಿಲ್ಲವೆ?” ಎಂದು ಮರುಗುತ್ತಾರೆ. ಈ ಮರುಕ ಅನಾವಶ್ಯಕವೆಂದೂ, ವಿದ್ಯಾರ್ಥಿಯಾದವನು ಒಮ್ಮೆಯಾದರೂ ಹಳೆಯ ಊರೊಂದಕ್ಕೆ ಒಬ್ಬನೇ ಹೋಗಿಬರಬೇಕೆಂದೂ ನನ್ನ ಅಭಿಪ್ರಾಯ. ಅದಕ್ಕೆ ಆಧಾರ ನನ್ನ ಒಂದು ದಿನದ ಅನುಭವ.

ವಿಚಾರಸಂಕಿರಣವೊಂದಕ್ಕಾಗಿ ಬ್ಯಾಂಕಾಕಿಗೆ ಹೋಗಿದ್ದಾಗ ಕೊನೆಯಲ್ಲಿ ಒಂದು ದಿನ ಬಿಡುವು ಉಳಿಯಿತು. ಜೊತೆಯವರು ಅಂಗಡಿಬೀದಿಗೆ ಹೊರಟರು. ನಾನು ಬಾಡಿಗೆಯ ಕಾರೊಂದನ್ನು ಪಡೆದು, ಉತ್ತರಕ್ಕೆ ಸುಮಾರು 80 ಕಿಲೋಮೀಟರು ದೂರದ ಹಳೆಯ ರಾಜಧಾನಿ ಅಯುತ್ಥಯಾದ ಕಡೆಗೆ ಹೊರಟೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಮ್ಮೂರಿನಲ್ಲೇ ಮಾಡಿಸಿಕೊಂಡಿದ್ದೆ. ನಮ್ಮಲ್ಲಿಯಂತೆ ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಓಡುತ್ತವೆ.

ನಿಜ ಹೇಳಬೇಕೆಂದರೆ, ನಾನು ಹೊರಟದ್ದು ಆ ಊರನ್ನು ನೋಡಲಿಕ್ಕಲ್ಲ. ನಮ್ಮದನ್ನು ಅಲ್ಲಿ ಕಾಣಲಿಕ್ಕೆ. ಊರಿನ ಹೆಸರು ಅಯೋಧ್ಯೆಯಿಂದ ಬಂದದ್ದು; 1350ರಲ್ಲಿ ಅದನ್ನು ಸ್ಥಾಪಿಸಿದ ದೊರೆ ರಾಮಾಧಿಪತಿ; ಅವರ ಲಿಪಿಯ ಬೇರು ದಕ್ಷಿಣ ಭಾರತದ ಪಲ್ಲವ ಲಿಪಿಯಲ್ಲಿದೆ. “ಇದೆಲ್ಲ ನಮ್ಮ ಸಂಸ್ಕೃತಿಯ ವಿಸ್ತಾರ” ಎಂದು ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೇನೆ. ಆದರೆ ದಾರಿಯ ಫಲಕಗಳಲ್ಲಿನ ಅಕ್ಷರಗಳು ದೂರದ ನಂಟರ ಮುಖದಂತೆ ಕಂಡವೇ ಹೊರತು ಒಂದನ್ನೂ ಓದಲಾಗಲಿಲ್ಲ.

ತಿರುಗಬೇಕಾದಲ್ಲಿ ತಿರುಗದೆ ಮುಂದೆ ಹೋಗಿಬಿಟ್ಟೆ. ಶಾವಿಗೆ ಮಾರುವ ಅಂಗಡಿಯ ಮುಂದೆ ನಿಲ್ಲಿಸಿ, ಅಲ್ಲಿದ್ದ ಹೆಂಗಸನ್ನು “ಅಯೋಧ್ಯಾ?” ಎಂದು ಕೇಳಿದೆ. ಆಕೆಗೆ ತಿಳಿಯಲಿಲ್ಲ. ಇನ್ನೂ ಗಟ್ಟಿಯಾಗಿ ಅದನ್ನೇ ಹೇಳಿದೆ. ಕೊನೆಗೆ ಆಕೆ ನಕ್ಕು, “ಅಯುತ್ಥಯಾ” ಎಂದು ತಿದ್ದಿ, ನನ್ನ ಬಾಯಿಂದ ಎರಡು ಸಲ ಹೇಳಿಸಿ, ಆಮೇಲೆ ದಾರಿ ತೋರಿಸಿದಳು. ಜೊತೆಗೊಬ್ಬ ಸ್ನೇಹಿತನಿದ್ದಿದ್ದರೆ, “ಪಾಪ, ಇವರಿಗೆ ತಮ್ಮ ಊರಿನ ಹೆಸರಿನ ಮೂಲವೇ ತಿಳಿಯದು” ಎಂದು ಇಬ್ಬರೂ ನಕ್ಕುಬಿಡುತ್ತಿದ್ದೆವು. ಒಬ್ಬನೇ ಇದ್ದುದರಿಂದ ಯೋಚಿಸಬೇಕಾಯಿತು. ಊರಿನ ಹೆಸರನ್ನು ತಪ್ಪಾಗಿ ಹೇಳಿದವನು ನಾನು, ಆಕೆಯಲ್ಲ.

ಅಲ್ಲಿಂದ ಮುಂದೆ ನೋಡಿದ್ದೆಲ್ಲ ಬೇರೆಯಾಗಿ ಕಂಡಿತು. ಮೂರು ನದಿಗಳು ಬಳಸಿ ದ್ವೀಪವಾಗಿಸಿದ ಊರು ಅದು. ಹಿಂದೆ ಪೋರ್ಚುಗೀಸರು, ಡಚ್ಚರು, ಜಪಾನೀಯರು ವ್ಯಾಪಾರಕ್ಕೆ ಬಂದು ಅಲ್ಲಿ ನೆಲಸಿದ್ದರು. ವಾಟ್ ರಾಚಬುರಾನ ಎಂಬ ದೇವಾಲಯದ ಕಥೆ ಕೇಳಿ: ಸಿಂಹಾಸನಕ್ಕಾಗಿ ಇಬ್ಬರು ಅಣ್ಣಂದಿರು ಆನೆಯೇರಿ ಕಾದಾಡಿ ಇಬ್ಬರೂ ಸತ್ತರು, 1424ರಲ್ಲಿ ಪಟ್ಟಕ್ಕೆ ಬಂದ ತಮ್ಮನು ಅವರನ್ನು ದಹನಮಾಡಿದ ಸ್ಥಳದಲ್ಲಿ ಅದನ್ನು ಕಟ್ಟಿಸಿದನು. ಇದು ಯಾರ ವಿಸ್ತಾರವೂ ಅಲ್ಲ. ಅವರದೇ ದುಃಖ, ಅವರದೇ ಚರಿತ್ರೆ.

ವಾಟ್ ಮಹಾಥಾತ್‌ನಲ್ಲಿ ಮರದ ಬೇರುಗಳು ಬುದ್ಧನ ಕಲ್ಲಿನ ಶಿರಸ್ಸೊಂದನ್ನು ಅಪ್ಪಿ ಹಿಡಿದಿವೆ. ಅದರ ಮುಂದೆ ಚಿತ್ರ ತೆಗೆಸಿಕೊಳ್ಳುವವರು ತಮ್ಮ ತಲೆ ಬುದ್ಧನ ತಲೆಗಿಂತ ಮೇಲಾಗದಂತೆ ಕುಳಿತುಕೊಳ್ಳಬೇಕು. ನಾನೂ ನೆಲದ ಮೇಲೆ ಕುಳಿತೆ. ಅಲ್ಲೇ ಸುತ್ತ ಶಿರಸ್ಸಿಲ್ಲದ ಬುದ್ಧವಿಗ್ರಹಗಳು ಸಾಲಾಗಿವೆ. ಹಂಪೆಯನ್ನು ಕಂಡ ಕಣ್ಣಿಗೆ ಇಂಥ ನೋಟ ಹೊಸದಲ್ಲ. ಆದರೆ ಒಂದು ವ್ಯತ್ಯಾಸವುಂಟು. 1767ರಲ್ಲಿ ಈ ನಗರವನ್ನು ಸುಟ್ಟ ಬರ್ಮಾದ ಸೈನ್ಯವೂ ಬುದ್ಧನನ್ನೇ ಪೂಜಿಸುತ್ತಿತ್ತು. ಪಾಳುಬಿದ್ದ ನಗರವನ್ನು ಕಂಡೊಡನೆ ಧರ್ಮದ್ವೇಷವೊಂದೇ ಕಾರಣವೆಂದು ತೀರ್ಪು ಕೊಟ್ಟುಬಿಡುವ ನಮ್ಮ ಅವಸರಕ್ಕೆ ಅಲ್ಲಿ ಉತ್ತರವಿದೆ. ರಾಜ್ಯದಾಹಕ್ಕೆ ಪರಧರ್ಮವೇ ಬೇಕೆಂದಿಲ್ಲ. ಅಳಿದುಳಿದ ಇಟ್ಟಿಗೆಗಳನ್ನು ಆಮೇಲೆ ಬ್ಯಾಂಕಾಕನ್ನು ಕಟ್ಟಲು ಸಾಗಿಸಿದರಂತೆ. ಬೆಳಿಗ್ಗೆ ನಾನು ಹೊರಟ ಊರಿನಲ್ಲಿ ಈ ಊರಿನ ತುಣುಕುಗಳಿದ್ದುವು!

ಒಂಟಿ ಪಯಣದಲ್ಲಿ ಕಷ್ಟಗಳಿಲ್ಲವೆಂದು ನಾನು ವಾದಿಸುವುದಿಲ್ಲ. ಗಾಡಿ ಕೆಟ್ಟರೆ ಕೈಜೋಡಿಸುವವರಿಲ್ಲ. ಎಲ್ಲಿಗೆ ಹೋಗುತ್ತೇವೆಂದು ಒಬ್ಬರಿಗಾದರೂ ತಿಳಿಸಿರಬೇಕು. ಕತ್ತಲಾಗುವ ಮೊದಲು ಮರಳುವುದು ವಿವೇಕ. ಹೆಣ್ಣುಮಕ್ಕಳಿಗೆ ಈ ಕಷ್ಟಗಳು ಇಮ್ಮಡಿ ಎಂಬುದೂ ನಿಜ; ಅದು ನಾಚಬೇಕಾದ ಸಂಗತಿಯೇ ಹೊರತು ಅವರನ್ನು ಮನೆಯಲ್ಲಿ ಕೂಡಿಹಾಕಲು ಕಾರಣವಲ್ಲ. ಹಣವಿಲ್ಲವೆಂದು ಕೊರಗುವುದೂ ಬೇಡ. ವಿದೇಶವೇ ಆಗಬೇಕೆಂದಿಲ್ಲ, ಬನವಾಸಿಗೋ ಬೀದರಿಗೋ ಬಸ್ಸು ಹತ್ತಿದರೂ ಸಾಕು. ಗುಂಪಿನಲ್ಲಿ ಹೋದವನು ತನ್ನ ಊರನ್ನು ಜೊತೆಗೇ ಹೊತ್ತುಕೊಂಡು ಹೋಗುತ್ತಾನೆ. ಒಬ್ಬನೇ ಹೋದವನು ಕೇಳಬೇಕು, ತಪ್ಪಬೇಕು, ತಿದ್ದಿಸಿಕೊಳ್ಳಬೇಕು. ವಿದ್ಯೆಯೆಂದರೂ ಇಷ್ಟೇ ಅಲ್ಲವೆ?

ಊರಿಗೆ ಮರಳಿದ ಮೇಲೆ ಅದೇ ಪಾಠವನ್ನು ಮತ್ತೆ ಹೇಳುವ ಸಂದರ್ಭ ಬಂದಿತು. ಕಪ್ಪುಹಲಗೆಯ ಮೇಲೆ ಅಭ್ಯಾಸಬಲದಿಂದ ‘ವಿಸ್ತಾರ’ ಎಂದು ಬರೆದು, ಅಳಿಸಿ, ‘ನಂಟು’ ಎಂದು ಬರೆದೆ. ಅದರ ಕೆಳಗೆ ಆ ಊರಿನ ಹೆಸರನ್ನು ಬರೆದು, ಅಲ್ಲಿಯವರು ಹೇಳುವಂತೆಯೇ ವಿದ್ಯಾರ್ಥಿಗಳಿಂದ ಎರಡು ಸಲ ಹೇಳಿಸಿದೆ.